‘ಹಕ್ಕಿಗಳು ಹೊಂದಿಕೊಳ್ತವೆ ಬಿಡಿ’ ಅನ್ನೋರಿಗೆ ತ್ಯೂನಿಸ್ ಪಿಯರ್ಸ್ಮಾ ಕೊಟ್ಟ ಉತ್ತರ

ಕೆರೆ ಅಂಚಿಗೆ ಮಣ್ಣು ಸುರಿದಾಗ, ಅಳಿವೆಯಲ್ಲಿ ಬಂದರಿನ ಮಾತು ಎದ್ದಾಗ ನಾನು ಪದೇ ಪದೇ ಕೇಳಿಸಿಕೊಂಡ ಮಾತೊಂದಿದೆ: “ಹಕ್ಕಿಗೆ ರೆಕ್ಕೆ ಇದೆಯಲ್ಲಾ ಸಾರ್, ಬೇರೆ ಕಡೆ ಹೋಗ್ತವೆ, ಹೊಂದಿಕೊಳ್ತವೆ.” ಹೊಂದಿಕೊಳ್ಳೋದು ನಿಜ. ಆದರೆ ಎಷ್ಟು? ಈ ಪ್ರಶ್ನೆಗೆ ಇಡೀ ವೃತ್ತಿಜೀವನ ಕೊಟ್ಟವರು ನೆದರ್ಲೆಂಡ್ಸ್‌ನ ತ್ಯೂನಿಸ್ ಪಿಯರ್ಸ್ಮಾ.

ಯಾರಿವರು?

1958ರಲ್ಲಿ ಹುಟ್ಟಿದ ಪಿಯರ್ಸ್ಮಾ, ಗ್ರೋನಿಂಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಟೆಕ್ಸೆಲ್ ದ್ವೀಪದಲ್ಲಿರುವ ರಾಷ್ಟ್ರೀಯ ಸಾಗರ ಸಂಶೋಧನಾ ಸಂಸ್ಥೆಯಲ್ಲೂ ದುಡಿದವರು. ವಿಷಯ ದಡದ ಹಕ್ಕಿಗಳು, ಅಂದ್ರೆ ನಮ್ಮಲ್ಲಿ ಗೊರವ ಅಂತ ಕರೆಯುವ ಬಳಗ. 1994ರ ಪಿಎಚ್‌ಡಿ ‘ರೆಡ್ ನಾಟ್’ ಎಂಬ ಸಣ್ಣ ವಲಸೆ ಹಕ್ಕಿಯ ಮೇಲೆ. ಈ ಹಕ್ಕಿಯ ಒಂದು ಉಪಪ್ರಭೇದಕ್ಕೆ 2001ರಲ್ಲಿ ಇವರದೇ ಹೆಸರಿಟ್ಟು ‘ಪಿಯರ್ಸ್ಮೈ’ ಎಂದು ಕರೆಯಲಾಯಿತು. 2014ರಲ್ಲಿ ನೆದರ್ಲೆಂಡ್ಸ್‌ನ ದೊಡ್ಡ ವಿಜ್ಞಾನ ಗೌರವವಾದ ಸ್ಪಿನೋಜಾ ಪ್ರಶಸ್ತಿ ಬಂತು.

ಬದಲಾಗುವ ದೇಹ

ನಾನು ಓದಿದ್ದು ಇಂಜಿನಿಯರಿಂಗ್. ಯಂತ್ರದ ಬಿಡಿಭಾಗದ ಅಳತೆ ಒಮ್ಮೆ ನಿಗದಿಯಾದರೆ ಮುಗೀತು ಅಂತ ಕಲಿತವನು. ರೆಡ್ ನಾಟ್ ಈ ಪಾಠವನ್ನ ಉಲ್ಟಾ ಮಾಡುತ್ತೆ. ಅದು ಚಿಪ್ಪುಜೀವಿಗಳನ್ನ ಚಿಪ್ಪಿನ ಸಮೇತ ನುಂಗಿ ಗಿಜರ್ಡ್‌ನಲ್ಲಿ ಪುಡಿ ಮಾಡುತ್ತೆ. ಕೋಳಿ ಅಂಗಡಿಯಲ್ಲಿ ಲಿವರ್ ಜೊತೆ ಕೊಡ್ತಾರಲ್ಲ, ಅದೇ ಗಟ್ಟಿ ಮಾಂಸದ ಅಂಗ. ಆಹಾರ ಗಟ್ಟಿಯಾದರೆ ಗಿಜರ್ಡ್ ದಿನಗಳಲ್ಲೇ ಬೆಳೆಯುತ್ತೆ, ಮೆತ್ತಗಾದರೆ ಕುಗ್ಗುತ್ತೆ.

1998ರಲ್ಲಿ ರಾಬರ್ಟ್ ಗಿಲ್ ಜೊತೆ ಪಿಯರ್ಸ್ಮಾ ಬರೆದ ಪ್ರಬಂಧ ಇನ್ನೂ ಮುಂದೆ ಹೋಯಿತು. ಅಲಾಸ್ಕಾದಿಂದ ಹೊರಟಿದ್ದ ಪಟ್ಟೆಬಾಲದ ಗಾಡ್‌ವಿಟ್‌ಗಳ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು. ಜೀರ್ಣಾಂಗಗಳು ಮಾತ್ರ ತೀರಾ ಸಣ್ಣವು. ದಾರಿಯಲ್ಲಿ ಊಟವೇ ಇಲ್ಲದಾಗ ಹೊಟ್ಟೆಯ ಭಾರ ಯಾಕೆ? 2007ರಲ್ಲಿ ಉಪಗ್ರಹ ಹಿಂಬಾಲಿಸಿದ ಒಂದು ಹೆಣ್ಣು ಗಾಡ್‌ವಿಟ್ ಅಲಾಸ್ಕಾದಿಂದ ನ್ಯೂಜಿಲೆಂಡ್‌ಗೆ ಎಂಟು ದಿನದಲ್ಲಿ, ಎಲ್ಲೂ ಇಳಿಯದೆ, 11,000 ಕಿ.ಮೀ.ಗೂ ಹೆಚ್ಚು ಹಾರಿತು.

ಮರಿ ಮಾಡುವ ಕಾಲ

ಈ ಹಕ್ಕಿಗಳು ಗೂಡು ಮಾಡೋದು ನೆಲದ ಮೇಲೆ, ಹಾಗಾಗಿ ವಾಸನೆ ಹಿಡಿದು ಬರುವ ನರಿಯೇ ಶತ್ರು. ಪಿಯರ್ಸ್ಮಾ ಅವರ ಶಿಷ್ಯ ಯೆರುನ್ ರೆನೆರ್ಕನ್ಸ್ ಮುಂದಾಳತ್ವದ ತಂಡ ಕಂಡುಕೊಂಡಿದ್ದು ಇದು: ಕಾವು ಕೂರುವ ಕಾಲದಲ್ಲಿ ಹಕ್ಕಿ ಗರಿಗೆ ಸವರಿಕೊಳ್ಳುವ ಮೇಣದ ರಾಸಾಯನಿಕ ರಚನೆಯೇ ಬದಲಾಗುತ್ತೆ. ಗಂಡು ಹೆಣ್ಣುಗಳಲ್ಲಿ ಒಂದೇ ಕಾವು ಕೂರುವ ಪ್ರಭೇದಗಳಲ್ಲಿ, ಕೂರುವವರದು ಮಾತ್ರ! ತರಬೇತಿ ಪಡೆದ ನಾಯಿಗೂ ಹೊಸ ಮೇಣದ ವಾಸನೆ ಹಿಡಿಯೋದು ಕಷ್ಟವಾಯಿತು.

ಮಿತಿ ಎಲ್ಲಿದೆ?

ಉತ್ತರ ಸಿಕ್ಕಿದ್ದು ಡಚ್ ವಾಡನ್ ಸಮುದ್ರದ ಕೆಸರುಬಯಲಿನಲ್ಲಿ. ಕಾಗದದ ಮೇಲೆ ಅದು ಸಂರಕ್ಷಿತ ತಾಣ, ರಾಮ್ಸರ್ ಪಟ್ಟಿಯಲ್ಲೂ ಇತ್ತು. ಆದರೂ ಮುಕ್ಕಾಲು ಭಾಗ ಕೆಸರುಬಯಲು ಯಂತ್ರಗಳಿಂದ ಚಿಪ್ಪು ಬಾಚುವುದಕ್ಕೆ ಮುಕ್ತವಾಗಿತ್ತು. ಬಾಚಿದಲ್ಲಿ ಉಳಿದ ಆಹಾರದ ಗುಣಮಟ್ಟ ಕುಸಿಯಿತು. ನಾಟ್‌ಗಳು ಗಿಜರ್ಡ್ ಹಿಗ್ಗಿಸಿಕೊಂಡು ಸರಿದೂಗಿಸಲು ನೋಡಿದವು. ಸಾಕಷ್ಟು ಹಿಗ್ಗಿಸಲಾಗದವು ಮತ್ತೆ ಆ ಬಯಲಲ್ಲಿ ಕಾಣಲೇ ಇಲ್ಲ. ಯಾನ್ ವಾನ್ ಗಿಲ್ಸ್, ಪಿಯರ್ಸ್ಮಾ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಪ್ರಕಟಿಸುವ ಹೊತ್ತಿಗೆ ಅಲ್ಲಿ ಆ ಯಂತ್ರಗಳು ನಿಂತಿದ್ದವು.

2016ರ ಇನ್ನೊಂದು ಅಧ್ಯಯನ ಹವಾಮಾನಕ್ಕೆ ಬರುತ್ತೆ. ಆರ್ಕ್ಟಿಕ್‌ನಲ್ಲಿ ಹಿಮ ಬೇಗ ಕರಗಿದ ವರ್ಷ ಹುಟ್ಟಿದ ನಾಟ್‌ಗಳು ಸಣ್ಣಗಿದ್ದವು, ಕೊಕ್ಕೂ ಮೋಟು. ಚಳಿಗಾಲಕ್ಕೆ ಮಾರಿಟೇನಿಯಾದ ದಡಕ್ಕೆ ಬಂದಾಗ, ಮಣ್ಣಿನ ಆಳದಲ್ಲಿರುವ ಚಿಪ್ಪು ಅವಕ್ಕೆ ಎಟುಕಲಿಲ್ಲ. ಬದುಕುಳಿದದ್ದು ಕಡಿಮೆ. ತಪ್ಪು ನಡೆದದ್ದು ಒಂದು ಖಂಡದಲ್ಲಿ, ಹಸಿವು ಇನ್ನೊಂದು ಖಂಡದಲ್ಲಿ.

ಹುಲ್ಲುಗಾವಲಿನ ರಾಜಕೀಯ

ಅವರ ತವರು ಫ್ರೀಸ್‌ಲ್ಯಾಂಡ್‌ನಲ್ಲೂ ಇದೇ ಕಥೆ. 1960ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಲಕ್ಷಕ್ಕೂ ಹೆಚ್ಚು ಜೋಡಿ ಕಪ್ಪುಬಾಲದ ಗಾಡ್‌ವಿಟ್ ಗೂಡು ಮಾಡ್ತಿದ್ದವು. 2015ರ ಸುಮಾರಿಗೆ ಉಳಿದಿದ್ದು ಅದರ ಮೂರನೇ ಒಂದು ಭಾಗದಷ್ಟು. ನೀರು ಬಸಿದು, ಗೊಬ್ಬರ ಸುರಿದು, ಒಂದೇ ಜಾತಿ ಹುಲ್ಲು ಬೆಳೆದು, ಬೇಗ ಕೊಯ್ದರೆ ಮೊಟ್ಟೆ-ಮರಿಗಳು ಯಂತ್ರದ ಬಾಯಿಗೆ ಹೋಗ್ತವೆ. ಉಳಿದ ಮರಿಗೆ ಹುಳುಹುಪ್ಪಟೆ ಸಿಗಲ್ಲ. ಪಿಯರ್ಸ್ಮಾ ಪ್ರಯೋಗಾಲಯದಲ್ಲೇ ಕೂರದೆ, 2012ರಲ್ಲಿ ಕಲಾವಿದರು, ನಾಗರಿಕರ ಜೊತೆ ‘ಹುಲ್ಲುಗಾವಲಿನ ರಾಜ’ ಎಂಬ ಅಭಿಯಾನಕ್ಕೆ ನಿಂತರು. ತೀವ್ರ ಹೈನುಗಾರಿಕೆಯ ನಾಡಿನಲ್ಲಿ ಅದು ಸುಲಭದ ಮಾತಲ್ಲ.

ನಮಗೇನು?

2024ರಲ್ಲಿ ಅಘನಾಶಿನಿ ಅಳಿವೆ, ಮಾಗಡಿ ಕೆರೆ, ಅಂಕಸಮುದ್ರ ರಾಮ್ಸರ್ ಪಟ್ಟಿ ಸೇರಿದಾಗ ನಾವೆಲ್ಲ ಖುಷಿಪಟ್ವಿ, ಪಡಲೇಬೇಕು. ಆದರೆ ವಾಡನ್ ಸಮುದ್ರಕ್ಕೂ ಆ ಫಲಕ ಇತ್ತು ಅನ್ನೋದನ್ನ ಮರೆಯಬಾರದು. ಅಘನಾಶಿನಿಯ ಕೆಸರಲ್ಲಿ ಬಳಚು ಆರಿಸಿ ಬದುಕುವ ಕುಟುಂಬಗಳಿಗೂ ದಡದ ಹಕ್ಕಿಗಳಿಗೂ ಬೇಕಿರೋದು ಅದೇ ಕೆಸರು. ಇನ್ನೊಮ್ಮೆ ಯಾರಾದ್ರೂ “ಹೊಂದಿಕೊಳ್ತವೆ ಬಿಡಿ” ಅಂದರೆ, ಎಷ್ಟರ ಮಟ್ಟಿಗೆ, ಅಳೆದವರು ಯಾರು ಅಂತ ಕೇಳಿ. ಯೋಜನೆಯ ಕಡತದಲ್ಲಿ ಉತ್ತರ ಇಲ್ಲದಿದ್ದರೆ, ಅದೇ ನಿಮ್ಮ ಮೊದಲ ಆಕ್ಷೇಪಣೆ ಆಗಲಿ.