ಮದ್ಯ ಬಿಟ್ಟವನ ಸನ್ನಿಯೂ ಶಾಮಕ ಔಷಧಗಳ ಚರಿತ್ರೆಯೂ

ಕುಡಿತದ ಕೇಡನ್ನು ಕುರಿತ ಉಪದೇಶಗಳಿಗೆ ಈ ನಾಡಿನಲ್ಲಿ ಎಂದೂ ಕೊರತೆಯಿಲ್ಲ. ಕುಡುಕನೊಬ್ಬನು ಕುಡಿತವನ್ನು ಬಿಟ್ಟನೆಂದರೆ ಮನೆಯವರು ದೇವರಿಗೆ ದೀಪ ಹಚ್ಚುವರು. ನೆರೆಹೊರೆಯವರು ಮೆಚ್ಚಿ ಮಾತನಾಡುವರು. ಆದರೆ ವರ್ಷಾನುಗಟ್ಟಲೆ ದಿನಾಲು ಕುಡಿದ ಶರೀರವು ಒಮ್ಮೆಲೇ ಮದ್ಯವನ್ನು ಕಾಣದಾದಾಗ, ಎರಡನೆಯ ಮೂರನೆಯ ದಿನವೇ ಕೆಲವರ ಪಾಲಿಗೆ ಪ್ರಾಣಸಂಕಟದ ದಿನವಾಗುವದೆಂಬ ಸಂಗತಿಯು ಉಪದೇಶ ಮಾಡುವವರಿಗೂ ಕೇಳುವವರಿಗೂ ಅಷ್ಟಾಗಿ ತಿಳಿದಿಲ್ಲ. ಈ ಸಂಕಟವನ್ನು ಮನುಷ್ಯನು ಹೇಗೆ ಗುರುತಿಸಿದನು, ಅದಕ್ಕೆ ಯಾವ ಯಾವ ಔಷಧಗಳನ್ನು ಹುಡುಕಿದನು, ಆ ಔಷಧಗಳೇ ಹೊಸ ಬಂಧನಗಳಾಗದಂತೆ ಯಾವ ಕಟ್ಟುಗಳನ್ನು ಹಾಕಿಕೊಂಡನು ಎಂಬುದು ವೈದ್ಯಕದ ಚರಿತ್ರೆಯಲ್ಲಿ ಬೋಧಪ್ರದವಾದ ಒಂದು ಅಧ್ಯಾಯವಾಗಿದೆ.

ಮಲಪ್ರಭೆಯ ಆಸುಪಾಸಿನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಗೆ ಈ ವಿಷಯವು ದೂರದ್ದಲ್ಲ. ೧೮೨೪ರಲ್ಲಿ ಥ್ಯಾಕರೆಯು ಕಿತ್ತೂರ ಕೋಟೆಯ ಮುಂದೆ ಬಿದ್ದನು; ೧೮೨೯ರಲ್ಲಿ ರಾಣಿ ಚೆನ್ನಮ್ಮನವರು ಬೈಲಹೊಂಗಲದ ಬಂದಿಖಾನೆಯಲ್ಲಿ ತೀರಿಕೊಂಡರು. ಆಮೇಲೆ ಸಂಪಗಾಂವ, ಪರಸಗಡ ಎಂಬ ಹೆಸರಿನ ತಾಲೂಕುಗಳಾಗಿ ಈ ಸೀಮೆಯು ಮುಂಬಯಿ ಇಲಾಖೆಗೆ ಸೇರಿತು. ರಾಮದುರ್ಗವೊಂದು ಮಾತ್ರ ಭಾವೆ ಮನೆತನದ ಸಂಸ್ಥಾನವಾಗಿ ೧೯೪೮ರ ವರೆಗೆ ಉಳಿಯಿತು. ೧೮೭೮ರ ಮುಂಬಯಿ ಅಬಕಾರಿ ಕಾಯಿದೆಯು ಸೆರೆ ಇಳಿಸುವದನ್ನೂ ಶಿಂದಿ ಮಾರುವದನ್ನೂ ಸರಕಾರದ ಪರವಾನಗಿಗೆ ಒಳಪಡಿಸಿದ ಮೇಲೆ ಕುಡಿತವು ಬೊಕ್ಕಸದ ಆದಾಯವೂ ಆಯಿತು. ೧೯೨೪ರಲ್ಲಿ ಬೆಳಗಾವಿಯ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿ ಬಂದ ಗಾಂಧೀಜಿಯವರು ೧೯೩೭ರಲ್ಲಿ ಹುದಲಿಗೂ ಬಂದರು. ಪಾನನಿರೋಧವು ಅವರ ರಚನಾತ್ಮಕ ಕಾರ್ಯಗಳಲ್ಲೊಂದಾಗಿದ್ದಿತು. ೧೯೪೯ರ ಮುಂಬಯಿ ಮದ್ಯನಿಷೇಧ ಕಾಯಿದೆಯು ಮರುವರ್ಷವೇ ಇಡೀ ಪ್ರಾಂತದಲ್ಲಿ ಜಾರಿಗೆ ಬಂದಿತು. ೧೯೫೬ರಲ್ಲಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ನಿಷೇಧವು ಮುಂದೆ ತೆರವಾಯಿತು. ೨೦೦೭ರ ಜುಲೈ ೧ರಿಂದ ಕರ್ನಾಟಕ ಸರಕಾರವು ಸಾರಾಯಿಯೊಂದನ್ನು ನಿಲ್ಲಿಸಿತು. ಇಷ್ಟು ಸಲ ಬಾಗಿಲು ಮುಚ್ಚಿತು, ಇಷ್ಟು ಸಲ ತೆರೆಯಿತು. ಆದರೆ ಕಾನೂನು ಅಂಗಡಿಯ ಬಾಗಿಲನ್ನು ಒಂದೇ ದಿನದಲ್ಲಿ ಮುಚ್ಚಬಲ್ಲದು; ಶರೀರಕ್ಕೆ ಹತ್ತಿದ ರೂಢಿಯನ್ನು ಒಂದೇ ದಿನದಲ್ಲಿ ಮುಚ್ಚಲು ಅದಕ್ಕೆ ಬಾರದು. ದೇವರ ಮುಂದೆ ಮಾಡಿದ ಆಣೆಗೂ ಹಬ್ಬದ ದಿನ ಹೊತ್ತ ಹರಕೆಗೂ ಇದೇ ಮಾತು ಸಲ್ಲುವದು. ಆಣೆಯು ಮನಸ್ಸನ್ನು ಕಟ್ಟುವದು, ನರಗಳನ್ನು ಕಟ್ಟದು.

ಭಾರತೀಯ ವೈದ್ಯಕಕ್ಕೆ ಈ ರೋಗವು ಅಪರಿಚಿತವಾಗಿರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೪ನೆಯ ಅಧ್ಯಾಯವು ಮದಾತ್ಯಯವೆಂಬ ಹೆಸರಿನಿಂದ ಮದ್ಯಜನ್ಯ ರೋಗಗಳನ್ನು ವಿವರಿಸುವದು. ತಲೆಯ ನಡುಕ, ನಿದ್ರೆ ಹತ್ತದಿರುವದು, ಬಹುವಾದ ಪ್ರಲಾಪ ಇವು ವಾತಪ್ರಧಾನವಾದ ಮದಾತ್ಯಯದ ಲಕ್ಷಣಗಳೆಂದು ಅಲ್ಲಿ ಎಣಿಸಲ್ಪಟ್ಟಿವೆ. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಮದ್ಯದಿಂದ ಹುಟ್ಟಿದ ವಿಕಾರಕ್ಕೆ ವೈದ್ಯನು ಅಳತೆಯರಿತು ಸಂಸ್ಕರಿಸಿ ಕೊಟ್ಟ ಮದ್ಯವೇ ಔಷಧವಾಗಬಲ್ಲದೆಂದು ಆ ಗ್ರಂಥವು ಹೇಳಿರುವದು. ಶರೀರವು ಯಾವುದಕ್ಕೆ ಒಗ್ಗಿಹೋಗಿದೆಯೋ ಅದನ್ನು ತಟ್ಟನೆ ಕಸಿದುಕೊಳ್ಳಬಾರದು, ಕ್ರಮದಿಂದ ಇಳಿಸಬೇಕೆಂಬ ತತ್ತ್ವದ ಬೀಜವು ಇಲ್ಲಿ ಕಾಣುವದು. ಮದ್ಯವನ್ನೇ ಮದ್ದಾಗಿ ಕೊಡುವದನ್ನು ಇಂದಿನ ವೈದ್ಯಕವು ಕೈಬಿಟ್ಟಿದೆ, ತತ್ತ್ವವನ್ನು ಕೈಬಿಟ್ಟಿಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ೧೮೧೩ರಲ್ಲಿ ಥಾಮಸ್ ಸಟನ್ ಎಂಬ ಆಂಗ್ಲ ವೈದ್ಯನು ಈ ನಡುಕದ ಸನ್ನಿಯನ್ನು ಮಿದುಳಿನ ಬಾವಿನಿಂದ ಬೇರ್ಪಡಿಸಿ, ಅದಕ್ಕೆ ‘ಡೆಲಿರಿಯಂ ಟ್ರೆಮೆನ್ಸ್’ ಎಂಬ ಹೆಸರನ್ನು ಕೊಟ್ಟನು. ಅಂದಿನ ವೈದ್ಯರು ಇಂಥ ರೋಗಿಗಳ ರಕ್ತವನ್ನು ತೆಗೆಯುತ್ತಿದ್ದರು. ರಕ್ತ ತೆಗೆದವರು ಸತ್ತುದೂ ಅಫೀಮಿನಿಂದ ನಿದ್ರೆ ಹತ್ತಿದವರು ಬದುಕಿದುದೂ ಸಟನ್ನನ ಕಣ್ಣಿಗೆ ಬಿದ್ದಿತು. ಅಂದಿನಿಂದ ನಿದ್ರೆ ತರುವ ವಸ್ತುಗಳ ಶೋಧವೇ ನಡೆಯಿತು. ೧೮೬೯ರಲ್ಲಿ ಬರ್ಲಿನ್ನಿನ ಲೀಬ್ರೈಖನು ಕ್ಲೋರಲ್ ಹೈಡ್ರೇಟನ್ನು ಬಳಕೆಗೆ ತಂದನು. ೧೮೮೨ರಲ್ಲಿ ಪ್ಯಾರಾಲ್ಡಿಹೈಡು ಬಂದಿತು. ೧೯೦೩ರಲ್ಲಿ ಬಾರ್ಬಿಟಾಲ್, ೧೯೧೨ರಲ್ಲಿ ಫೀನೋಬಾರ್ಬಿಟಾಲ್ ಬಂದವು. ಇವುಗಳಲ್ಲಿ ಗುಣವೂ ಇದ್ದಿತು, ಕಂಟಕವೂ ಇದ್ದಿತು. ನಿದ್ರೆ ತರುವ ಅಳತೆಗೂ ಉಸಿರು ನಿಲ್ಲಿಸುವ ಅಳತೆಗೂ ನಡುವೆ ಇದ್ದ ಅಂತರವು ಬಹಳ ಚಿಕ್ಕದು. ಮೇಲಾಗಿ ಇವೆಲ್ಲವೂ ಮದ್ಯದಂತೆಯೇ ಚಟವಾಗಿ ಅಂಟಿಕೊಳ್ಳುತ್ತಿದ್ದವು.

ಈ ಸೀಮೆಯವರಿಗೆ ಮನೋರೋಗದ ಚಿಕಿತ್ಸೆಯೆಂದರೆ ಬಹುಕಾಲ ಧಾರವಾಡವೇ. ಅಲ್ಲಿ ೧೮೪೫ರಲ್ಲಿ ಹುಚ್ಚರ ಆಶ್ರಯಸ್ಥಾನವು ಸ್ಥಾಪಿತವಾಯಿತು. ಬೆಂಗಳೂರಿನದು ಅದಕ್ಕಿಂತ ಈಚಿನದು. ಆದರೆ ಆ ಶತಮಾನದ ಇಂಥ ಸಂಸ್ಥೆಗಳು ಚಿಕಿತ್ಸೆಗಿಂತ ಹೆಚ್ಚಾಗಿ ಕಾವಲಿಗಾಗಿ ಇದ್ದವು. ಅಂತೆಯೇ ‘ಧಾರವಾಡಕ್ಕೆ ಕಳಿಸು’ ಎಂಬುದು ಆಡುಮಾತಿನಲ್ಲಿ ಅಪಹಾಸ್ಯದ ಮಾತಾಗಿ ನಿಂತಿತು. ಆ ಅಪಹಾಸ್ಯದ ಅಂಜಿಕೆಯಿಂದ ವೈದ್ಯನ ಬಾಗಿಲಿಗೆ ಹೋಗದೆ ಉಳಿದವರ ಲೆಕ್ಕವನ್ನು ಯಾವ ದಫ್ತರವೂ ಬರೆದಿಟ್ಟಿಲ್ಲ.

ಈ ನಡುವೆ ಭಾರತವೂ ಒಂದು ಮೂಲಿಕೆಯನ್ನು ಜಗತ್ತಿಗೆ ಕೊಟ್ಟಿತು. ಸಹ್ಯಾದ್ರಿಯ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರು ಉನ್ಮಾದವನ್ನೂ ರಕ್ತದ ಒತ್ತಡವನ್ನೂ ಇಳಿಸುವದೆಂದು ೧೯೩೧ರಲ್ಲಿ ಗಣನಾಥ ಸೇನ, ಕಾರ್ತಿಕಚಂದ್ರ ಬೋಸ ಇವರು ಪ್ರಕಟಿಸಿದರು. ೧೯೫೨ರಲ್ಲಿ ಸ್ವಿಟ್ಝರ್ಲಂಡಿನ ಶೋಧಕರು ಅದರಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಆದರೆ ಅದನ್ನು ಬಹುಕಾಲ ಸೇವಿಸಿದವರಲ್ಲಿ ಕೆಲವರಿಗೆ ವಿಷಣ್ಣತೆಯು ಆವರಿಸಿತು; ಅದರ ಬಳಕೆಯು ಕ್ರಮೇಣ ಕುಗ್ಗಿತು. ಗಿಡಮೂಲಿಕೆಯಾದ ಮಾತ್ರಕ್ಕೆ ನಿರಪಾಯವೆಂಬ ಭಾವನೆಯು ತಪ್ಪೆಂಬುದಕ್ಕೆ ಇದೇ ಸಾಕ್ಷಿ.

ಇಷ್ಟಾದರೂ ಮೂಲಪ್ರಶ್ನೆಯೊಂದು ಉಳಿದೇ ಇದ್ದಿತು. ಸನ್ನಿಯು ಬರುವದು ಕುಡಿತದ ವಿಷದಿಂದಲೋ, ಅನ್ನವಿಲ್ಲದ ಸೊರಗಿನಿಂದಲೋ, ಅಥವಾ ಕುಡಿತವನ್ನು ನಿಲ್ಲಿಸಿದುದರಿಂದಲೋ? ೧೯೫೫ರಲ್ಲಿ ಅಮೇರಿಕೆಯ ಇಸ್ಬೆಲ್ ಮೊದಲಾದವರು ಇದಕ್ಕೆ ಉತ್ತರವನ್ನು ಕೊಟ್ಟರು. ಒಳ್ಳೆಯ ಆಹಾರ, ಜೀವಸತ್ವಗಳನ್ನು ಕೊಡುತ್ತಲೇ ಕೆಲವು ಕೈದಿಗಳಿಗೆ ಅವರ ಒಪ್ಪಿಗೆಯಿಂದ ವಾರಗಟ್ಟಲೆ ಮದ್ಯವನ್ನು ಕೊಟ್ಟು, ತಟ್ಟನೆ ನಿಲ್ಲಿಸಿ ನೋಡಿದರು. ೪೮ರಿಂದ ೮೭ ದಿವಸ ಕುಡಿದವರಲ್ಲಿ ನಡುಕವೂ, ಕೆಲವರಲ್ಲಿ ಸೆಳವೂ, ಸನ್ನಿಯೂ ಕಂಡವು. ಇಂಥ ಪ್ರಯೋಗವನ್ನು ಇಂದು ಯಾರೂ ಒಪ್ಪಲಾರರು. ಆದರೆ ಅದರಿಂದ ಹೊರಬಿದ್ದ ಸತ್ಯವು ಅಳಿಯುವಂತಿಲ್ಲ. ರೋಗಕ್ಕೆ ಕಾರಣವು ನಿಲ್ಲಿಸುವಿಕೆಯೇ.

ಮುಂದಿನ ಔಷಧವು ಅಕಸ್ಮಾತ್ತಾಗಿ ದೊರೆಯಿತು. ಲಿಯೊ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞನು ಅಮೇರಿಕೆಯ ಹೊಫ್‌ಮನ್-ಲಾ ರೋಶ್ ಪ್ರಯೋಗಶಾಲೆಯಲ್ಲಿ ತಯಾರಿಸಿ ಮೂಲೆಗೊತ್ತಿದ್ದ ವಸ್ತುವೊಂದು ೧೯೫೭ರಲ್ಲಿ ಕೋಣೆಯನ್ನು ಒಪ್ಪಮಾಡುವಾಗ ಕೈಗೆ ಸಿಕ್ಕಿತು. ಪರೀಕ್ಷಿಸಿ ನೋಡಲು, ಪ್ರಾಣಿಗಳನ್ನು ಮಂಕುಗೊಳಿಸದೆಯೇ ಶಾಂತಗೊಳಿಸುವ ಗುಣವು ಅದರಲ್ಲಿ ಕಂಡಿತು. ಅದೇ ಕ್ಲೋರ್‌ಡಯಾಜೆಪಾಕ್ಸೈಡ್, ೧೯೬೦ರಲ್ಲಿ ಲಿಬ್ರಿಯಂ ಎಂಬ ಹೆಸರಿನಿಂದ ಪೇಟೆಗೆ ಬಂದಿತು. ೧೯೬೩ರಲ್ಲಿ ಅದರ ತಂಗಿಯಾದ ಡಯಾಜೆಪಾಮ್ ಬಂದಿತು. ೧೯೬೯ರಲ್ಲಿ ಅಮೇರಿಕೆಯ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಕುಡಿತ ಬಿಡುತ್ತಿದ್ದ ೫೩೭ ರೋಗಿಗಳ ಮೇಲೆ ನಡೆದ ಪರೀಕ್ಷೆಯು ಪ್ರಕಟವಾಯಿತು. ನಾಲ್ಕು ಬೇರೆ ಬೇರೆ ಔಷಧಗಳನ್ನೂ ಔಷಧವಿಲ್ಲದ ಹುಸಿಗುಳಿಗೆಯನ್ನೂ ಹೋಲಿಸಿ ನೋಡಿದಾಗ, ಸೆಳವೂ ಸನ್ನಿಯೂ ಅತ್ಯಂತ ಕಡಿಮೆಯಾಗಿ ಕಂಡದ್ದು ಕ್ಲೋರ್‌ಡಯಾಜೆಪಾಕ್ಸೈಡ್ ಕೊಟ್ಟವರಲ್ಲಿಯೇ.

ಇದರ ಮರ್ಮವೇನು? ಮಿದುಳಿನಲ್ಲಿ ಓಡಿಸುವ ಶಕ್ತಿಯೊಂದು, ತಡೆಯುವ ಶಕ್ತಿಯೊಂದು ಉಂಟು. ತಡೆಯುವ ಕೆಲಸವನ್ನು ಮುಖ್ಯವಾಗಿ ‘ಗಾಬಾ’ ಎಂಬ ದ್ರವ್ಯವು ಮಾಡುವದು. ಮದ್ಯವು ಈ ತಡೆಗೆ ಬಲ ಕೊಡುವದು. ದಿನಾಲು ಹೊರಗಿನ ಬಲವು ಬರತೊಡಗಿದರೆ ಮಿದುಳು ತನ್ನ ತಡೆಯನ್ನು ಸಡಿಲಿಸಿ, ಓಡಿಸುವ ಶಕ್ತಿಯನ್ನು ಹೆಚ್ಚಿಸಿಕೊಂಡು ಸಮತೂಕವನ್ನು ಕಾಯ್ದುಕೊಳ್ಳುವದು. ಮದ್ಯವು ತಟ್ಟನೆ ನಿಂತರೆ ತಡೆಯಿಲ್ಲದ ಬಂಡಿಯು ಇಳಿಜಾರಿನಲ್ಲಿ ಉರುಳಿದಂತಾಗುವದು. ಡಯಾಜೆಪಾಮಿನ ವರ್ಗದ ಔಷಧಗಳು ಅದೇ ಗಾಬಾದ ತಡೆಯನ್ನೇ ಹಿಡಿದು, ಮಿದುಳು ಮೊದಲಿನ ಸ್ಥಿತಿಗೆ ಬರುವ ವರೆಗೆ ಬಂಡಿಯನ್ನು ಮೆಲ್ಲಗೆ ಇಳಿಸುವವು. ಚರಕನ ತತ್ತ್ವವು ಇಲ್ಲಿ ಹೊಸ ರೂಪದಿಂದ ನಿಂತಿರುವದು.

ಉರುಳುವಿಕೆಗೂ ಒಂದು ಕಾಲಕ್ರಮವುಂಟು. ಕೊನೆಯ ಗುಟುಕಿನಿಂದ ಆರೆಂಟು ತಾಸುಗಳಲ್ಲಿ ಕೈನಡುಕ, ಬೆವರು, ಓಕರಿಕೆ, ಎದೆಬಡಿತ ತೊಡಗುವವು. ಸೆಳವು ಬರುವದಿದ್ದರೆ ಸಾಮಾನ್ಯವಾಗಿ ಮೊದಲ ೪೮ ತಾಸುಗಳಲ್ಲಿ ಬರುವದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಸನ್ನಿಯ ಭಯವಿರುವದು: ಜ್ವರ, ದಿಗ್ಭ್ರಮೆ, ಗೋಡೆಯ ಮೇಲೆ ಹುಳುಗಳು ಹರಿದಂತೆ ಕಾಣುವದು, ಇಲ್ಲದವರೊಡನೆ ಮಾತನಾಡುವದು. ಬಿಟ್ಟವರೆಲ್ಲರಿಗೂ ಇದು ಬರುವದಿಲ್ಲ. ನೂರರಲ್ಲಿ ಸುಮಾರು ಐವರಿಗೆ ಬರುವದು. ಚಿಕಿತ್ಸೆಯಿಲ್ಲದ ಕಾಲದಲ್ಲಿ ಸನ್ನಿ ಹಿಡಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬನು ಸಾಯುತ್ತಿದ್ದನು. ಇಂದು ತಕ್ಕ ಚಿಕಿತ್ಸೆಯಿಂದ ಆ ಸಂಖ್ಯೆಯು ನೂರಕ್ಕೆ ಐದರೊಳಗೆ ಇಳಿದಿದೆ. ಇದನ್ನು ದೆವ್ವದ ಬಾಧೆಯೆಂದು ಬಗೆದು ಕೋಣೆಯಲ್ಲಿ ಕೂಡಿಹಾಕುವದೆಂದರೆ, ಬದುಕುವವನನ್ನು ಕೈಯಾರೆ ಕಳೆದುಕೊಂಡಂತೆ.

ವೈದ್ಯರು ಈ ಔಷಧವನ್ನು ಕೊಡುವ ರೀತಿಯಲ್ಲಿಯೇ ಅದರ ಸುರಕ್ಷಿತತೆಯು ಅಡಗಿದೆ. ರೋಗಿಯ ನಡುಕ, ನಾಡಿ, ಪ್ರಜ್ಞೆಗಳನ್ನು ನೋಡಿ ಮೊದಲ ದಿನಗಳಲ್ಲಿ ಸಾಕಷ್ಟು ಕೊಟ್ಟು, ದಿನದಿನಕ್ಕೆ ಇಳಿಸುತ್ತ, ಸಾಮಾನ್ಯವಾಗಿ ಒಂದು ವಾರದ ಸುಮಾರಿಗೆ ನಿಲ್ಲಿಸುವರು. ಯಕೃತ್ತು ಕೆಟ್ಟವರಿಗೆ, ಮುಪ್ಪಿನವರಿಗೆ ಶರೀರದಲ್ಲಿ ಬಹಳ ಹೊತ್ತು ಉಳಿಯದ ಲೋರಾಜೆಪಾಮಿನಂಥದನ್ನು ಆರಿಸುವರು. ಇದರೊಡನೆ ಥಯಮಿನ್ ಎಂಬ ಜೀವಸತ್ವವನ್ನು ಕೊಡುವದು ಮರೆಯಬಾರದ ಸಂಗತಿ. ಕುಡುಕರಲ್ಲಿ ಅದರ ಕೊರತೆಯಿಂದ ಮಿದುಳಿಗೆ ಬರುವ ಕೇಡನ್ನು ವೆರ್ನಿಕನು ೧೮೮೧ರಲ್ಲಿಯೇ ವರ್ಣಿಸಿದ್ದನು. ಹಿಂದೆ ಸೆಳವು ಬಂದವರು, ಸನ್ನಿ ಹಿಡಿದವರು, ಬೇರೆ ದೊಡ್ಡ ರೋಗವುಳ್ಳವರು ಮನೆಯಲ್ಲಿ ಬಿಡುವ ಸಾಹಸವನ್ನು ಮಾಡದೆ ದವಾಖಾನೆಯಲ್ಲಿ ಇದ್ದೇ ಬಿಡತಕ್ಕದ್ದು. ಈ ಗುಳಿಗೆಯ ಮೇಲೆ ಮತ್ತೆ ಮದ್ಯವನ್ನು ಕುಡಿದರೆ ಎರಡೂ ಕೂಡಿ ಉಸಿರನ್ನೇ ಅಡಗಿಸಬಲ್ಲವು. ಅಫೀಮಿನ ವರ್ಗದ ನೋವಿನ ಔಷಧಗಳೊಡನೆಯೂ ಇದೇ ಅಪಾಯವುಂಟು.

ಚಿತ್ತೋದ್ವೇಗಕ್ಕೂ ಈ ಗುಳಿಗೆಗಳನ್ನು ಕೊಡುವದುಂಟು. ಇಲ್ಲಿಯೇ ಎರಡನೆಯ ಅಪಾಯವು ತಲೆ ಎತ್ತುವದು. ಮದ್ಯಕ್ಕೆ ಒಗ್ಗಿದಂತೆ ಮಿದುಳು ಇದಕ್ಕೂ ಒಗ್ಗುವದು. ದಿನಾಲು ಸೇವಿಸಿದರೆ ಕೆಲವು ವಾರಗಳಲ್ಲಿಯೇ ಅವಲಂಬನವು ಹುಟ್ಟಬಹುದು. ಆಗ ತಟ್ಟನೆ ಬಿಟ್ಟರೆ ನಿದ್ರೆ ಕೆಡುವದು, ಭಯವು ಇಮ್ಮಡಿಸುವದು, ಸೆಳವೂ ಬರಬಹುದು. ೧೯೮೮ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ತೀವ್ರವಾದ ಉದ್ವೇಗಕ್ಕೆ ಮಾತ್ರ, ಅದೂ ಎರಡರಿಂದ ನಾಲ್ಕು ವಾರಗಳ ವರೆಗೆ ಮಾತ್ರ ಇವನ್ನು ಕೊಡಬೇಕೆಂದು ವಿಧಿಸಿದ್ದು ಈ ಕಾರಣದಿಂದಲೇ. ಬಹುಕಾಲದ ಉದ್ವೇಗಕ್ಕೆ ಮಾತಿನ ಚಿಕಿತ್ಸೆಯೂ ಅಭ್ಯಾಸ ಹಿಡಿಸದ ಬೇರೆ ಔಷಧಗಳೂ ಉಂಟು. ತಿಂಗಳುಗಟ್ಟಲೆ ತೆಗೆದುಕೊಂಡವರು ವೈದ್ಯರ ಕಣ್ಣಿನ ಕೆಳಗೆ ಮೆಲ್ಲಮೆಲ್ಲನೆ ಇಳಿಸಬೇಕು. ಸೇವಿಸುವ ಕಾಲದಲ್ಲಿ ಗಾಡಿ, ಟ್ರ್ಯಾಕ್ಟರು, ಯಂತ್ರಗಳನ್ನು ನಡೆಸಬಾರದು; ಮುದುಕರು ಬೀಳದಂತೆ ನೋಡಿಕೊಳ್ಳಬೇಕು; ಗರ್ಭಿಣಿಯರು ವೈದ್ಯರಿಗೆ ಮೊದಲೇ ತಿಳಿಸಬೇಕು. ಒಬ್ಬರಿಗೆ ಬರೆದುಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡುವ ಉಪಕಾರವು ಉಪಕಾರವಲ್ಲ.

ಕಾನೂನು ಕೂಡ ಈ ತಿಳಿವಳಿಕೆಯನ್ನು ಹಿಂಬಾಲಿಸಿದೆ. ೧೯೮೫ರ ಮಾದಕವಸ್ತುಗಳ ಕಾಯಿದೆಯು ಈ ವರ್ಗದ ಔಷಧಗಳನ್ನು ತನ್ನ ಹಿಡಿತಕ್ಕೆ ತಂದಿತು. ೨೦೧೩ರಲ್ಲಿ ಪ್ರಕಟವಾಗಿ ೨೦೧೪ರ ಮಾರ್ಚಿನಿಂದ ಜಾರಿಗೆ ಬಂದ ‘ಎಚ್-೧’ ಅನುಸೂಚಿಯಲ್ಲಿ ಆಲ್ಪ್ರಜೋಲಾಮ್, ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಸೇರಿವೆ. ಅಂಗಡಿಕಾರನು ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರಕೂಡದು, ಮಾರಿದ ವಿವರವನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಔಷಧದಂಗಡಿಯವನು ಚೀಟಿಯನ್ನು ಕೇಳಿದನೆಂದು ಸಿಟ್ಟಾಗುವವರು, ಅವನು ತಮ್ಮ ಮನೆಯನ್ನೇ ಕಾಯುತ್ತಿರುವನೆಂದು ತಿಳಿಯಬೇಕು.

ಧಾರವಾಡದ ಹಳೆಯ ಆಶ್ರಯಸ್ಥಾನವು ೨೦೦೯ರಲ್ಲಿ ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನ ಸಂಸ್ಥೆಯಾಗಿ ಮಾರ್ಪಟ್ಟಿತು. ಕಿತ್ತೂರಿನಿಂದ ಅದು ಒಂದು ತಾಸಿನ ದಾರಿ. ಸವದತ್ತಿಯಿಂದಲೂ ಹೆಚ್ಚು ದೂರವಲ್ಲ. ರಾಮದುರ್ಗದಂಥ ದೂರದ ಊರಿನವರಿಗೂ ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ವ್ಯವಸ್ಥೆಯು ೧೪೪೧೬ ಎಂಬ ದೂರವಾಣಿಯ ಮೂಲಕ ಸಲಹೆಯನ್ನು ಕೊಡುವದು. ಸೆಳವು ಬಂದರೆ, ಪ್ರಜ್ಞೆ ತಪ್ಪಿದರೆ, ಮಾತು ತೊದಲಿ ಮನುಷ್ಯರ ಗುರುತು ಸಿಗದಾದರೆ ಮಾತ್ರ ದೂರವಾಣಿಯ ಸಲಹೆಗೆ ಕಾಯದೆ ಹತ್ತಿರದ ದವಾಖಾನೆಗೆ ಒಯ್ಯತಕ್ಕದ್ದು.

ಎರಡು ಸಾವಿರ ವರ್ಷಗಳ ಈ ಚರಿತ್ರೆಯು ಹೇಳುವ ಮಾತು ಸರಳವಾದದ್ದು. ಬಿಡುವ ನಿಶ್ಚಯವು ಕುಡಿಯುವವನದಾಗಿರಬೇಕು. ಬಿಡುವ ಕ್ರಮವು ವೈದ್ಯನದಾಗಿರಬೇಕು. ಬಿಟ್ಟ ಮೇಲಿನ ಆಸರವು ಮನೆಯವರದಾಗಿರಬೇಕು. ಗುಳಿಗೆಯು ಹೊಳೆ ದಾಟಿಸುವ ಹರಿಗೋಲು. ಹೊಳೆಯ ನಡುವೆ ಅದನ್ನು ಬಿಟ್ಟವನು ಮುಳುಗುವನು. ದಡ ಸೇರಿದ ಮೇಲೂ ಅದನ್ನು ಹೊತ್ತುಕೊಂಡು ನಡೆದವನು ಬಳಲುವನು.