ಅಳಿಸಿದ ಸಾಲನ್ನೂ ಓದುವ ಯಂತ್ರ

2016ರಲ್ಲಿ ಒಂದು ಸಣ್ಣ ಜಾಲತಾಣ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಸಾಲದ ಅರ್ಜಿಯೊಂದಿತ್ತು. ಜನ ಬರ್ತಿದ್ರು, ಅರ್ಧ ತುಂಬಿಸಿ ಹೋಗಿಬಿಡ್ತಿದ್ರು. ಯಾಕೆ ಅಂತ ತಿಳಿಯೋಕೆ ಸೆಷನ್ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿದೆವು.

ಮೊದಲ ದಿನ ಸಿನಿಮಾದ ಹಾಗೆ ಕೂತು ನೋಡಿದೆ. ಯಾರದ್ದೋ ಮೌಸಿನ ಬಾಣ ಓಡಾಡ್ತಿದೆ, ನಿಲ್ತಿದೆ. ಒಬ್ಬರು 'ಸಾಲ ಯಾತಕ್ಕೆ' ಅನ್ನೋ ಕಡೆ ಹೆಂಡತಿಯ ಆಪರೇಷನ್ ಅಂತ ಬರೆದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದೊಂದೇ ಅಕ್ಷರ ಅಳಿಸಿ, ಮನೆ ರಿಪೇರಿ ಅಂತ ಬರೆದರು. ಕೊನೆಗೆ ಅರ್ಜಿ ಕಳಿಸಲೇ ಇಲ್ಲ... ನಾನು ಮಾತ್ರ ಎಲ್ಲಾ ನೋಡಿಬಿಟ್ಟಿದ್ದೆ.

ಈ ಯಂತ್ರ ಎಲ್ಲಿಂದ ಬಂತು ಅಂತ ಹುಡುಕಲು ಶುರು ಮಾಡಿದ್ದು ಅವತ್ತೇ.

ವೆಬ್ಬಿನ ಮೊದಲ ದಿನಗಳಲ್ಲಿ ತಾಣದವರ ಹತ್ತಿರ ಇದ್ದದ್ದು ಸರ್ವರ್ ಲಾಗ್ ಒಂದೇ. ಯಾವ ಐಪಿ ವಿಳಾಸ, ಎಷ್ಟು ಹೊತ್ತಿಗೆ, ಯಾವ ಪುಟ, ಅಷ್ಟೇ. ಅಂಗಡಿಗೆ ಬಂದವರ ಲೆಕ್ಕ ಸಿಗ್ತಿತ್ತು, ಒಳಗೆ ಏನು ಮುಟ್ಟಿ ನೋಡಿದರು ಅನ್ನೋದು ಇಲ್ಲ. 2001ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು, ಓದುವವರ ಕಣ್ಣಿಗೂ ಮೌಸಿನ ಬಾಣಕ್ಕೂ ಗಟ್ಟಿ ನಂಟಿದೆ ಅಂತ ತೋರಿಸಿದರು. ಇಸ್ರೇಲಿನ ಕ್ಲಿಕ್‌ಟೇಲ್ 2006ರಲ್ಲಿ ಹುಟ್ಟಿತು, ಮಾಲ್ಟಾದ ಹಾಟ್‌ಜಾರ್ 2014ರಲ್ಲಿ.

ಇದು ವಿಡಿಯೋ ಅಂತ ನಾನೂ ಅಂದ್ಕೊಂಡಿದ್ದೆ. ಅಲ್ಲ. ಪುಟದ ಎಚ್‌ಟಿಎಂಎಲ್ ಅನ್ನು ಒಮ್ಮೆ ನಕಲು ಮಾಡ್ತಾರೆ. ಆಮೇಲೆ ಬಾಣ ಎಲ್ಲಿತ್ತು, ಪುಟ ಎಷ್ಟು ಸರಿಯಿತು, ಯಾವ ಕೀಲಿ ಒತ್ತಿದರು, ಪುಟದಲ್ಲಿ ಏನು ಬದಲಾಯ್ತು ಅನ್ನೋದನ್ನೆಲ್ಲ ಸಮಯದ ಸಮೇತ ಬರೆದಿಡ್ತಾರೆ. ನೋಡುವವನ ಬ್ರೌಸರಿನಲ್ಲಿ ಇಡೀ ಆಟ ಮತ್ತೆ ನಡೆಯುತ್ತೆ. ನಾಟಕದ ಚಿತ್ರೀಕರಣ ಅಲ್ಲ ಕಣ್ರೀ, ರಂಗಸೂಚನೆ ಸಮೇತದ ಪ್ರತಿ! ಗಾತ್ರ ಕಡಿಮೆ, ಹಾಗಾಗಿ ಅಗ್ಗ.

2017ರ ನವೆಂಬರಿನಲ್ಲಿ ಪ್ರಿನ್ಸ್‌ಟನ್ನಿನ ಸ್ಟೀವನ್ ಎಂಗಲ್‌ಹಾರ್ಟ್, ಗುನೆಶ್ ಅಜಾರ್, ಅರವಿಂದ ನಾರಾಯಣನ್ ಒಂದು ವರದಿ ಹಾಕಿದರು. ಜಗತ್ತಿನ ಅತಿ ಜನಪ್ರಿಯ 50,000 ತಾಣಗಳಲ್ಲಿ ಕನಿಷ್ಠ 482 ಕಡೆ ಇಂಥ ರೆಕಾರ್ಡಿಂಗ್ ಕಂಡಿತ್ತು. ಅಮೆರಿಕದ ಔಷಧಿ ಅಂಗಡಿ ವಾಲ್‌ಗ್ರೀನ್ಸ್‌ನ ತಾಣ ಗುಟ್ಟಿನ ವಿವರಗಳನ್ನು ಮರೆಮಾಚಲು ಸಾಕಷ್ಟು ಪ್ರಯತ್ನ ಪಟ್ಟಿತ್ತು. ಆದರೂ ಗ್ರಾಹಕರ ಹೆಸರು, ಕಾಯಿಲೆ, ಔಷಧಿಯ ಹೆಸರು ಫುಲ್‌ಸ್ಟೋರಿ ಅನ್ನೋ ಕಂಪನಿಗೆ ಹೋಗ್ತಿತ್ತು. ವರದಿ ಬಂದ ಮೇಲೆ ವಾಲ್‌ಗ್ರೀನ್ಸ್ ಅದನ್ನು ನಿಲ್ಲಿಸಿತು. ಅದನ್ನು ಓದುವಾಗ ನನಗೆ ಆ ಆಪರೇಷನ್ ಸಾಲು ಕಣ್ಣ ಮುಂದೆ ಬಂತು.

2019ರ ಫೆಬ್ರವರಿಯಲ್ಲಿ ಐಫೋನ್ ಆ್ಯಪ್‌ಗಳಲ್ಲೂ ಇದೇ ಕತೆ ಹೊರಬಿತ್ತು. ಬಳಕೆದಾರರಿಗೆ ಹೇಳಿ ಮಾಡಿ, ಇಲ್ಲವೇ ತೆಗೆದುಹಾಕಿ ಅಂತ ಆಪಲ್ ಗದರಿತು. 2020ರಲ್ಲಿ ಮೈಕ್ರೋಸಾಫ್ಟ್ ಕ್ಲಾರಿಟಿ ಬಂತು, ಪೂರ್ತಿ ಪುಕ್ಕಟೆ. ಅದರಲ್ಲಿ ಟೈಪ್ ಮಾಡಿದ ಅಕ್ಷರಗಳಿಗೆ ಮೊದಲೇ ಮುಸುಕು ಹಾಕಿರ್ತಾರೆ.

ಸುಳ್ಳು ಯಾಕೆ ಹೇಳಲಿ, ಆ ಸಾಫ್ಟ್‌ವೇರ್ ನಮಗೆ ಉಪಯೋಗಕ್ಕೆ ಬಂತು. ಮೊಬೈಲಿನಲ್ಲಿ 'ಮುಂದೆ' ಅನ್ನೋ ಗುಂಡಿ ಕೀಲಿಮಣೆಯ ಹಿಂದೆ ಮುಚ್ಚಿಹೋಗ್ತಿತ್ತು. ಮೇಲೆ ತಂದೆವು, ಅರ್ಜಿಗಳು ಬರತೊಡಗಿದವು. ಅವರ ರೆಕಾರ್ಡಿಂಗನ್ನು ಮಾತ್ರ ಅವತ್ತೇ ಅಳಿಸಿದ್ದೆ. ನನ್ನ ಪರದೆಯಿಂದ ಹೋಯ್ತು. ಆ ಕಂಪನಿಯ ಸರ್ವರಿನಿಂದಲೂ ಹೋಯ್ತಾ ಅಂತ ನೋಡೋಕೆ ನನಗೆ ಯಾವ ದಾರಿಯೂ ಇರಲಿಲ್ಲ.