ವಿಶ್ವಕಪ್ಪಿಗೂ ಜಾಗ ಬಿಡದ ನಾಯಿ ಓಟ

ಕುದುರೆಮುಖದ ಘಟ್ಟ ಇಳಿದು ಕಾರ್ಕಳದ ಕಡೆ ಕಂಬಳ ನೋಡಿದಾಗಲೆಲ್ಲ ನನಗೆ ಲಂಡನ್ನಿನ ನಾಯಿ ಓಟ ನೆನಪಾಗುತ್ತದೆ (ನೋಡಿದ್ದಲ್ಲ, ಓದಿದ್ದು!).

ಅಲ್ಲಿ ಗ್ರೇಹೌಂಡ್ ಡರ್ಬಿ ಶುರುವಾದದ್ದು 1927ರಲ್ಲಿ, 1908ರ ಒಲಿಂಪಿಕ್ಸಿಗೆ ಕಟ್ಟಿದ್ದ ವೈಟ್ ಸಿಟಿ ಮೈದಾನದಲ್ಲಿ. ಮುಂದೆ ಕರೆಂಟಿನಿಂದ ಓಡುವ ಸುಳ್ಳು ಮೊಲ, ಹಿಂದೆ ನಿಜವಾದ ನಾಯಿಗಳು. ಸುಮಾರು ಅರ್ಧ ನಿಮಿಷದಲ್ಲಿ ಒಂದು ಓಟ ಮುಗಿಯುತ್ತಿತ್ತು. ಜನ ಬರುತ್ತಿದ್ದದ್ದು ಬಾಜಿಗೆ ಬಿಡಿ. ಯುದ್ಧದಿಂದ 1941ರಲ್ಲಿ ನಿಂತ ಡರ್ಬಿ 1945ರಲ್ಲಿ ಮತ್ತೆ ಶುರುವಾಯಿತು.

ಈ ಹುಚ್ಚು ಎಷ್ಟಿತ್ತೆಂದರೆ, 1966ರ ಫುಟ್‌ಬಾಲ್ ವಿಶ್ವಕಪ್ಪಿನ ಉರುಗ್ವೆ-ಫ್ರಾನ್ಸ್ ಪಂದ್ಯ ವೆಂಬ್ಲಿಯ ಬದಲು ವೈಟ್ ಸಿಟಿಯಲ್ಲಿ ನಡೆಯಿತು. ಆ ಸಂಜೆ ವೆಂಬ್ಲಿಯಲ್ಲಿ ಮಾಮೂಲಿ ನಾಯಿ ಓಟ. ಮಾಲೀಕರು ರದ್ದು ಮಾಡಲು ಒಪ್ಪಲೇ ಇಲ್ಲ!

ಕಂಬಳದ ಕೋಣಗಳ ಪರವಾಗಿ ನಮ್ಮಲ್ಲಿ ಸುಪ್ರೀಂ ಕೋರ್ಟಿನವರೆಗೂ ವಾದ ನಡೆಯಿತು. 2014ರ ತೀರ್ಪಿನಿಂದ ನಿಂತ ಓಟಕ್ಕೆ ರಾಜ್ಯದ ತಿದ್ದುಪಡಿ ಬೇಕಾಯಿತು, ಅದನ್ನು ಕೋರ್ಟು 2023ರಲ್ಲಿ ಒಪ್ಪಿತು. ಆ ಜಗಳ ಒಳ್ಳೆಯದೇ ಅನ್ನುತ್ತೇನೆ, ಕೋಣದ ಬೆನ್ನಿನ ಬಗ್ಗೆ ಯಾರೋ ಕೇಳಿದರಲ್ಲ. ಲಂಡನ್ನಿನಲ್ಲಿ 1929, 1930ರ ಡರ್ಬಿ ಗೆದ್ದ ಮಿಕ್ ದ ಮಿಲ್ಲರ್ ಎಂಬ ನಾಯಿಯ ದೇಹವನ್ನು ಕೆಡದಂತೆ ಮಾಡಿ ಮ್ಯೂಸಿಯಮ್ಮಿನಲ್ಲಿಟ್ಟರು. ಓಟ ಬಿಟ್ಟ ಉಳಿದ ನಾಯಿಗಳಿಗೆ ಮನೆ ಹುಡುಕುವ ಟ್ರಸ್ಟು ಹುಟ್ಟಿದ್ದು ಮಾತ್ರ 1970ರ ದಶಕದಲ್ಲಿ.